ಶಾಂಘೈನ ಬಂಡ್: ಕೆಸರಿನ ಮೇಲೆ ನಿಂತ ಬೀದಿಯನ್ನು ಓದುವುದು ಹೇಗೆ?

ಶಾಂಘೈ ಅಂದ ತಕ್ಷಣ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಒಂದೇ ಫೋಟೋ. ಹುವಾಂಗ್‌ಪು ನದಿ, ಅದರ ಆಚೆ ದಡದಲ್ಲಿ ಬಣ್ಣಬಣ್ಣದ ದೀಪ ಹಾಕಿಕೊಂಡ ಗಗನಚುಂಬಿ ಕಟ್ಟಡಗಳು. ಆ ಫೋಟೋ ತೆಗೆದವರು ಎಲ್ಲಿ ನಿಂತಿದ್ದರು ಅಂತ ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಅವರು ನಿಂತಿದ್ದು ನದಿಯ ಪಶ್ಚಿಮ ದಡದಲ್ಲಿ, 'ಬಂಡ್' ಅನ್ನುವ ಹಳೆಯ ಬೀದಿಯಲ್ಲಿ. ಅವರ ಬೆನ್ನ ಹಿಂದೆ ಸುಮಾರು ಒಂದೂವರೆ ಕಿಲೋಮೀಟರ್ ಉದ್ದಕ್ಕೆ ದೊಡ್ಡ ದೊಡ್ಡ ಕಲ್ಲಿನ ಕಟ್ಟಡಗಳು ಸಾಲಾಗಿ ನಿಂತಿವೆ. ಬ್ಯಾಂಕು, ಹೋಟೆಲು, ಕ್ಲಬ್ಬು, ಕಸ್ಟಮ್ಸ್ ಆಫೀಸು. ಅವುಗಳಲ್ಲಿ ಹೆಚ್ಚಿನವು 1900ರಿಂದ 1937ರ ನಡುವೆ ಕಟ್ಟಿದವು.

ಈ ಲೇಖನದಲ್ಲಿ ನಾವು ನಕಾಶೆ ಹಿಡಿದು ಆ ಬೀದಿಯನ್ನು ಉತ್ತರದ ತುದಿಯಿಂದ ದಕ್ಷಿಣಕ್ಕೆ ನಡೆದು ನೋಡೋಣ. ಕೈಯಲ್ಲಿ ಎರಡು ಪ್ರಶ್ನೆ ಇಟ್ಟುಕೊಳ್ಳೋಣ. ಮೊದಲನೆಯದು ಎಂಜಿನಿಯರಿಂಗ್ ಪ್ರಶ್ನೆ: ಇಷ್ಟು ಭಾರದ ಕಟ್ಟಡಗಳು ಕೆಸರಿನ ಮೇಲೆ ಹೇಗೆ ನಿಂತಿವೆ? ಎರಡನೆಯದು ಇತಿಹಾಸದ ಪ್ರಶ್ನೆ: ಇದನ್ನೆಲ್ಲ ಕಟ್ಟಲು ದುಡ್ಡು ಎಲ್ಲಿಂದ ಬಂತು, ಕಾವಲು ಯಾರು ಕಾದರು? ಈ ಎರಡನೇ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಭಾರತದ ಹೆಸರು ಪದೇ ಪದೇ ಬರುತ್ತದೆ. ಅದಕ್ಕೇ ಈ ಪಾಠವನ್ನು ನಮ್ಮ ಪತ್ರಿಕೆಗೆ ಬರೀಬೇಕು ಅನ್ನಿಸಿತು.

ಮೊದಲು ಹೆಸರು

'ಬಂಡ್' ಅಂದರೆ ಇಂಗ್ಲಿಷ್ ಪದ ಅನ್ನಿಸುತ್ತೆ, ಅಲ್ವಾ? ಪರ್ಷಿಯನ್ನಿನ 'ಬಂದ್' ಹಿಂದೂಸ್ತಾನಿಗೆ ಬಂದು, ಅಲ್ಲಿಂದ ಬ್ರಿಟಿಷರ ಬಾಯಿಗೆ ಹೋಗಿ 'ಬಂಡ್' ಆಯಿತು. ಅರ್ಥ ಕಟ್ಟೆ, ಏರಿ, ಒಡ್ಡು. ಬೆಂಗಳೂರಿನಲ್ಲಿ 'ಟ್ಯಾಂಕ್ ಬಂಡ್ ರೋಡ್' ಅಂತೀವಲ್ಲ, ಅದೇ ಬಂಡ್, ನಮ್ಮ ಕೆರೆ ಏರಿ. ಭಾರತದಲ್ಲಿ ಈ ಪದ ಕಲಿತ ಬ್ರಿಟಿಷರು ಅದನ್ನು ಚೀನಾದ ನದಿ ದಡಕ್ಕೂ ಅಂಟಿಸಿದರು.

ಚೀನೀಯರು ಈ ಜಾಗವನ್ನು 'ವಾಯ್‌ತಾನ್' ಅಂತಾರೆ, ಅಂದರೆ ಹೊರಗಿನ ದಂಡೆ. 'ತಾನ್' ಅನ್ನುವುದು ನದಿಯ ಅಂಚಿನ ಮರಳು ಕೆಸರಿನ ದಂಡೆಗೆ ಇರುವ ಪದ. ಎರಡೂ ಹೆಸರು ಸೇರಿಸಿ ಓದಿದರೆ ಜಾಗದ ಪೂರ್ತಿ ವಿವರ ಸಿಗುತ್ತದೆ. ಕೆಸರಿನ ದಂಡೆ, ಅದರ ಮೇಲೆ ಒಂದು ಏರಿ.

ಈ ಬೀದಿ ಹೇಗೆ ಹುಟ್ಟಿತು?

ಹದಿನೆಂಟನೇ ಶತಮಾನದ ಕೊನೆಗೆ ಬ್ರಿಟನ್ ಚೀನಾದಿಂದ ಟೀ, ರೇಷ್ಮೆ ಕೊಳ್ಳುತ್ತಿತ್ತು. ಚೀನಾಕ್ಕೆ ಬ್ರಿಟನ್ನಿನ ಸರಕು ಅಷ್ಟಾಗಿ ಬೇಕಿರಲಿಲ್ಲ, ಬೆಲೆಯನ್ನು ಬೆಳ್ಳಿಯಲ್ಲಿ ಕೊಡಬೇಕಿತ್ತು. ಈ ಲೆಕ್ಕ ಸರಿಮಾಡಲು ಸಿಕ್ಕ ಸರಕು ಅಫೀಮು. ಅದು ಬೆಳೆಯುತ್ತಿದ್ದದ್ದು ಭಾರತದಲ್ಲಿ. ಬಿಹಾರ, ಬನಾರಸ್ ಕಡೆಯ ಅಫೀಮು ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯ. ಅದನ್ನು ಕಲ್ಕತ್ತಾದಲ್ಲಿ ಹರಾಜು ಹಾಕುತ್ತಿದ್ದರು. ಮಾಳ್ವದ ಅಫೀಮು ಬಾಂಬೆ ಬಂದರಿನಿಂದ ಹೋಗುತ್ತಿತ್ತು. ಚೀನಾದಲ್ಲಿ ಅದಕ್ಕೆ ನಿಷೇಧ ಇತ್ತು, ಆದರೂ ಹಡಗುಗಳು ಹೋಗುತ್ತಲೇ ಇದ್ದವು.

1839ರಲ್ಲಿ ಚೀನಾದ ಅಧಿಕಾರಿ ಲಿನ್ ಜೆಶು 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡು ನಾಶ ಮಾಡಿಸಿದರು. ಇದೇ ನೆಪವಾಗಿ ಯುದ್ಧ ಶುರುವಾಯಿತು. ಚೀನಾ ಸೋತಿತು. 1842ರ ನಾನ್‌ಜಿಂಗ್ ಒಪ್ಪಂದದಲ್ಲಿ ಹಾಂಗ್‌ಕಾಂಗ್ ದ್ವೀಪ ಬ್ರಿಟನ್ ಪಾಲಾಯಿತು, ಐದು ಬಂದರುಗಳು ವಿದೇಶಿ ವ್ಯಾಪಾರಕ್ಕೆ ತೆರೆದವು. ಅವುಗಳಲ್ಲಿ ಶಾಂಘೈ ಒಂದು. 1843ರ ನವೆಂಬರ್‌ನಲ್ಲಿ ಅಲ್ಲಿ ವ್ಯಾಪಾರ ಶುರು.

ಇಲ್ಲಿ ಒಂದು ಸೂಕ್ಷ್ಮ ಇದೆ. ಶಾಂಘೈ ಹಾಂಗ್‌ಕಾಂಗ್ ಥರ ವಸಾಹತು ಆಗಿರಲಿಲ್ಲ. ನೆಲ ಚೀನಾದ್ದೇ, ಆದರೆ ಅದರ ಮೇಲೆ ಆಡಳಿತ ವಿದೇಶಿಯರದ್ದು. ಬ್ರಿಟಿಷ್ ಮತ್ತು ಅಮೆರಿಕನ್ ಪ್ರದೇಶಗಳು 1863ರಲ್ಲಿ ಒಂದಾದವು, ಫ್ರೆಂಚರದ್ದು ಬೇರೆಯಾಗಿಯೇ ಉಳಿಯಿತು. ಅಲ್ಲಿ ವಾಸವಿದ್ದವರಲ್ಲಿ ಬಹುಪಾಲು ಚೀನೀಯರು, ತೆರಿಗೆಯನ್ನೂ ಕಟ್ಟುತ್ತಿದ್ದರು. ಆದರೂ ನಗರ ಆಡಳಿತ ಮಂಡಳಿಯಲ್ಲಿ ಅವರಿಗೆ ಸೀಟು ಸಿಕ್ಕಿದ್ದು 1928ರಲ್ಲಿ. ವಿದೇಶಿಯರ ಈ ವಿಶೇಷ ಹಕ್ಕುಗಳನ್ನು ಬ್ರಿಟನ್, ಅಮೆರಿಕ ಬಿಟ್ಟುಕೊಟ್ಟದ್ದು 1943ರಲ್ಲಿ.

ನಿಲ್ದಾಣ 1: ಉಕ್ಕಿನ ಸೇತುವೆ

ಬೀದಿಯ ಉತ್ತರದ ತುದಿಯಲ್ಲಿ ಸುಝೌ ತೊರೆ ಹುವಾಂಗ್‌ಪು ನದಿಗೆ ಸೇರುತ್ತದೆ. ಆ ತೊರೆಯ ಮೇಲಿರುವುದು ವಾಯ್‌ಬಾಯ್‌ದು ಸೇತುವೆ. ನಮ್ಮ ಸ್ಟ್ರಕ್ಚರ್ಸ್ ಪುಸ್ತಕದಲ್ಲಿ ಟ್ರಸ್ ಚಾಪ್ಟರ್ ಮೇಲಿನ ಚಿತ್ರದ ಥರಾನೇ ಇದೆ. ತಲಾ ಸುಮಾರು 52 ಮೀಟರಿನ ಎರಡು ಸ್ಪ್ಯಾನ್, ರಿವೆಟ್ ಹೊಡೆದ ಉಕ್ಕಿನ ಟ್ರಸ್. 1907ರಲ್ಲಿ ಕಟ್ಟಿ ಮುಗಿಸಿದರು.

ಇದಕ್ಕೂ ಮುಂಚೆ ಅಲ್ಲಿ 1856ರ ಒಂದು ಮರದ ಸೇತುವೆ ಇತ್ತು, ದಾಟಲು ಸುಂಕ. ಚೀನೀಯರಿಗೆ ಇದರ ಮೇಲೆ ತುಂಬಾ ಸಿಟ್ಟಿತ್ತು. ಕೊನೆಗೆ ಆಡಳಿತ ಮಂಡಳಿ ಸುಂಕ ತೆಗೆದುಹಾಕಬೇಕಾಯಿತು. 'ಬಾಯ್‌ದು' ಅಂದರೆ 'ದುಡ್ಡಿಲ್ಲದೆ ದಾಟುವುದು' ಅಂತ ಜನ ಅರ್ಥ ಹೇಳುತ್ತಾರೆ. ಒಂದು ಟೋಲ್ ಜಗಳ ಸೇತುವೆಯ ಹೆಸರಿನಲ್ಲೇ ಉಳಿದುಕೊಂಡಿದೆ.

2008ರಲ್ಲಿ ಈ ಸೇತುವೆಯನ್ನು ಎರಡು ಭಾಗ ಮಾಡಿ, ಬಾರ್ಜ್ ಮೇಲೆ ಹೇರಿ, ರಿಪೇರಿಗೆ ಹಡಗುಕಟ್ಟೆಗೆ ಒಯ್ದರು. ಅದರಲ್ಲಿ ಸುಮಾರು 1,60,000 ರಿವೆಟ್‌ಗಳಿವೆ, ಸವೆದವನ್ನು ಬದಲಾಯಿಸಿದರು. 2009ರಲ್ಲಿ ವಾಪಸ್ ತಂದು ಅದೇ ಜಾಗದಲ್ಲಿ ಕೂರಿಸಿದರು. ನೂರು ವರ್ಷದ ಸೇತುವೆಯನ್ನು ಕೆಡವಿ ಹೊಸದು ಕಟ್ಟುವುದು ಸುಲಭ ಇರುತ್ತಿತ್ತು. ಅವರು ಬಿಚ್ಚಿ, ತೊಳೆದು, ಮತ್ತೆ ಜೋಡಿಸುವ ದಾರಿ ಆರಿಸಿಕೊಂಡರು.

ನಿಲ್ದಾಣ 2: ಪಾರ್ಕ್ ಮತ್ತು ಒಂದು ಬೋರ್ಡ್

ಸೇತುವೆ ದಾಟಿದರೆ ಹುವಾಂಗ್‌ಪು ಪಾರ್ಕ್. 1868ರಲ್ಲಿ ಶುರುವಾದದ್ದು. ಈ ಪಾರ್ಕ್ ಬಗ್ಗೆ ಒಂದು ಪ್ರಸಿದ್ಧ ಮಾತಿದೆ. ಗೇಟಿನಲ್ಲಿ 'ನಾಯಿಗಳಿಗೂ ಚೀನೀಯರಿಗೂ ಪ್ರವೇಶವಿಲ್ಲ' ಅಂತ ಬೋರ್ಡ್ ಇತ್ತು ಅಂತ. ಇತಿಹಾಸಕಾರರು ಹಳೆಯ ನಿಯಮಗಳ ಪಟ್ಟಿ ತೆಗೆದು ನೋಡಿದಾಗ ಆ ಎರಡೂ ಒಂದೇ ಸಾಲಿನಲ್ಲಿ ಇರಲಿಲ್ಲ. ಪಾರ್ಕ್ ವಿದೇಶಿ ಸಮುದಾಯಕ್ಕೆ ಮೀಸಲು ಎಂಬುದು ಒಂದು ನಿಯಮ. ನಾಯಿ, ಸೈಕಲ್ ತರುವ ಹಾಗಿಲ್ಲ ಎಂಬುದು ಬೇರೆ ನಿಯಮ.

ಹಾಗಾದರೆ ಅವಮಾನ ಸುಳ್ಳಾ? ಖಂಡಿತ ಇಲ್ಲ. ಚೀನೀಯರಿಗೆ ಆ ಪಾರ್ಕಿನ ಬಾಗಿಲು ತೆರೆದದ್ದು 1928ರಲ್ಲೇ. ಅವರದ್ದೇ ಊರಿನ ನದಿ ದಡದಲ್ಲಿ, ಅವರದ್ದೂ ತೆರಿಗೆಯಿಂದ ನಡೆಯುವ ಪಾರ್ಕಿನ ಹೊರಗೆ, ಅರವತ್ತು ವರ್ಷ ನಿಲ್ಲಬೇಕಾಯಿತು. ಬೋರ್ಡಿನ ಪದಗಳು ಹೇಗಿದ್ದವು ಅನ್ನುವುದು ಒಂದು ವಿಷಯ, ನಿಷೇಧ ಇತ್ತೋ ಇಲ್ಲವೋ ಅನ್ನುವುದು ಇನ್ನೊಂದು. ವಾಟ್ಸ್ಯಾಪ್ ಫಾರ್ವರ್ಡ್ ನೋಡುವಾಗಲೂ ಈ ವ್ಯತ್ಯಾಸ ಉಪಯೋಗಕ್ಕೆ ಬರುತ್ತೆ.

ನಿಲ್ದಾಣ 3: ಮೂರು ಕಟ್ಟಡ, ಒಂದು ಲೆಡ್ಜರ್

ದಕ್ಷಿಣಕ್ಕೆ ನಡೆದರೆ ನಂಬರ್ 27, ಜಾರ್ಡಿನ್ ಮ್ಯಾಥಿಸನ್ ಕಂಪನಿಯ ಹಳೆಯ ಕಟ್ಟಡ. ಕಂಪನಿ ಬೆಳೆದದ್ದು ಅಫೀಮು ಮತ್ತು ಟೀ ವ್ಯಾಪಾರದಲ್ಲಿ. ಅದರ ದೊಡ್ಡ ಪಾಲುದಾರರಲ್ಲಿ ಒಬ್ಬರು ಬಾಂಬೆಯ ಪಾರ್ಸಿ ವರ್ತಕ ಜಮ್ಸೇಟ್‌ಜಿ ಜೀಜೀಭಾಯ್. ಮುಂಬೈನ ಜೆ.ಜೆ. ಆಸ್ಪತ್ರೆ, ಜೆ.ಜೆ. ಸ್ಕೂಲ್ ಆಫ್ ಆರ್ಟ್ ಅಂತ ಕೇಳಿರ್ತೀರಿ. ಅದೇ ಜೆ.ಜೆ.

ಇನ್ನೂ ಮುಂದೆ, ನಾನ್‌ಜಿಂಗ್ ರಸ್ತೆಯ ಮೂಲೆಯಲ್ಲಿ ಹಸಿರು ಪಿರಮಿಡ್ ಚಾವಣಿಯ ಕಟ್ಟಡ ಕಾಣುತ್ತದೆ. ನಂಬರ್ 20, 1929ರ ಸಸೂನ್ ಹೌಸ್. ಎತ್ತರ ಸುಮಾರು 77 ಮೀಟರ್, ಈಗ ಪೀಸ್ ಹೋಟೆಲ್. ಕಟ್ಟಿಸಿದ್ದು ವಿಕ್ಟರ್ ಸಸೂನ್. ಈ ಯಹೂದಿ ಕುಟುಂಬದ ಹಿರಿಯ ಡೇವಿಡ್ ಸಸೂನ್ ಬಾಗ್ದಾದ್ ಬಿಟ್ಟು 1830ರ ದಶಕದಲ್ಲಿ ಬಾಂಬೆಗೆ ಬಂದು, ಹತ್ತಿ ಮತ್ತು ಅಫೀಮು ವ್ಯಾಪಾರದಲ್ಲಿ ಬೆಳೆದವರು. ಮುಂಬೈನ ಸಸೂನ್ ಡಾಕ್, ಪುಣೆಯ ಸಸೂನ್ ಆಸ್ಪತ್ರೆ ಎರಡೂ ಈ ಕುಟುಂಬದ ಹೆಸರಿನವು.

ಅದರ ಪಕ್ಕದಲ್ಲೇ ನಂಬರ್ 23, 1937ರ ಬ್ಯಾಂಕ್ ಆಫ್ ಚೀನಾ. ಈ ಸಾಲಿನ ಆ ಕಾಲದ ದೊಡ್ಡ ಕಟ್ಟಡಗಳಲ್ಲಿ ಚೀನೀ ವಾಸ್ತುಶಿಲ್ಪಿಯೊಬ್ಬರ, ಲು ಚಿಯಾನ್‌ಶೌ ಅವರ, ಕೈ ಇರುವುದು ಇದರಲ್ಲಿ. ಚಾವಣಿಯ ಅಂಚು ಚೀನೀ ಶೈಲಿಯಲ್ಲಿ ಬಾಗಿದೆ. ಎತ್ತರ ಮಾತ್ರ ಸಸೂನ್ ಹೌಸ್‌ಗಿಂತ ಚೂರು ಕಡಿಮೆ.

ಈ ಮೂರನ್ನೂ ಒಟ್ಟಿಗೆ ನೋಡಿದರೆ ಒಂದು ಮಾತು ಅರ್ಥವಾಗುತ್ತೆ. ಇಲ್ಲಿ ಬಂದು ಸೇರಿದ ಬಂಡವಾಳದ ಒಂದು ಭಾಗ ಭಾರತದ ಹೊಲಗಳಿಂದ, ಭಾರತದ ಬಂದರುಗಳ ಮೂಲಕ ಹೋದದ್ದು. ಗಸಗಸೆ ಬೆಳೆದ ರೈತನಿಗೆ ಅದರಲ್ಲಿ ಸಿಕ್ಕಿದ್ದು ಕಡಿಮೆ, ಅದನ್ನು ಸೇದಿದ ಚೀನಾದ ಮನೆಗಳು ಕಳೆದುಕೊಂಡದ್ದು ಬಹಳ. ನಡುವೆ ಇದ್ದವರು ಕಟ್ಟಡ ಕಟ್ಟಿಸಿದರು, ಎರಡೂ ದೇಶಗಳಲ್ಲಿ.

ನಿಲ್ದಾಣ 4: ನಾನ್‌ಜಿಂಗ್ ರಸ್ತೆಯ ಕಾವಲು

ಇದೇ ಮೂಲೆಯಿಂದ ಒಳಗೆ ಹೋಗುವ ನಾನ್‌ಜಿಂಗ್ ರಸ್ತೆ ಇವತ್ತು ದೊಡ್ಡ ಶಾಪಿಂಗ್ ರಸ್ತೆ. ನೂರು ವರ್ಷದ ಹಿಂದೆ ಇಲ್ಲಿ ಟ್ರಾಫಿಕ್ ನಿಯಂತ್ರಿಸುತ್ತಿದ್ದವರಲ್ಲಿ ಪೇಟ ಸುತ್ತಿದ ಸಿಖ್ ಪೊಲೀಸರಿದ್ದರು. 1880ರ ದಶಕದಿಂದ ಶಾಂಘೈನ ಆಡಳಿತ ಮಂಡಳಿ ಪಂಜಾಬಿನಿಂದ ಸಿಖ್ಖರನ್ನು ನೇಮಿಸಿಕೊಳ್ಳುತ್ತಿತ್ತು. ಊರಿನ ಜನ ಅವರನ್ನು 'ಕೆಂಪು ತಲೆಯವರು' ಅಂತ ಹಂಗಿಸಿ ಕರೆಯುತ್ತಿದ್ದರು.

1925ರ ಮೇ 15ರಂದು ಒಂದು ಜಪಾನೀ ಮಾಲೀಕತ್ವದ ಹತ್ತಿ ಗಿರಣಿಯಲ್ಲಿ ಗು ಝೆಂಗ್‌ಹಾಂಗ್ ಎಂಬ ಕಾರ್ಮಿಕನಿಗೆ ಗುಂಡೇಟು ಬಿತ್ತು, ಅವನು ಸತ್ತ. ಮೇ 30ರಂದು ವಿದ್ಯಾರ್ಥಿಗಳು ನಾನ್‌ಜಿಂಗ್ ರಸ್ತೆಯಲ್ಲಿ ಪ್ರತಿಭಟನೆಗೆ ಬಂದರು. ಪೊಲೀಸರು ಕೆಲವರನ್ನು ಹಿಡಿದು ಠಾಣೆಗೆ ಒಯ್ದರು, ಠಾಣೆ ಮುಂದೆ ಜನ ಸೇರಿದರು. ಒಬ್ಬ ಬ್ರಿಟಿಷ್ ಇನ್‌ಸ್ಪೆಕ್ಟರ್ ಗುಂಡು ಹಾರಿಸಲು ಆದೇಶ ಕೊಟ್ಟ. ಟ್ರಿಗರ್ ಎಳೆದ ಕಾನ್‌ಸ್ಟೇಬಲ್‌ಗಳು ಸಿಖ್ಖರು ಮತ್ತು ಚೀನೀಯರು. ಕನಿಷ್ಠ ಒಂಬತ್ತು ಮಂದಿ ಸತ್ತರು. ಇಡೀ ಚೀನಾದಲ್ಲಿ ಹರತಾಳ, ಬಹಿಷ್ಕಾರ ಹಬ್ಬಿದವು. ಇದನ್ನು 'ಮೇ ಮೂವತ್ತರ ಚಳವಳಿ' ಅಂತಾರೆ.

ಆರು ವರ್ಷ ಮೊದಲು, 1919ರಲ್ಲಿ, ಜಲಿಯನ್‌ವಾಲಾ ಬಾಗ್‌ನಲ್ಲಿ ಇದೇ ಸಾಮ್ರಾಜ್ಯದ ಗುಂಡಿಗೆ ಪಂಜಾಬಿನ ಜನ ಸತ್ತಿದ್ದರು. ಅದೇ ಪಂಜಾಬಿನವರ ಕೈಯಲ್ಲಿ ಶಾಂಘೈನಲ್ಲಿ ಬಂದೂಕು. ಸಂಬಳಕ್ಕೆ ದೂರದ ಊರಿಗೆ ಹೋದವರನ್ನು ಇವತ್ತು ನಾವು ಕೂತಲ್ಲಿಂದ ಬೈಯುವುದು ಸುಲಭ. ಆದರೆ 'ನಾವು ಬರೀ ಆಳಿಸಿಕೊಂಡವರು' ಅಂತ ಸ್ಕೂಲಿನಲ್ಲಿ ಕಲಿತ ಪಾಠದಲ್ಲಿ ಈ ಪುಟ ಇರಲಿಲ್ಲ ಅನ್ನುವುದೂ ನಿಜ.

ಭಾರತದಲ್ಲೇ ಇದನ್ನು ವಿರೋಧಿಸಿದವರೂ ಇದ್ದರು. ರವೀಂದ್ರನಾಥ ಠಾಕೂರರು 1881ರಲ್ಲೇ ಚೀನಾದ ಅಫೀಮು ವ್ಯಾಪಾರವನ್ನು ಖಂಡಿಸಿ ಬಂಗಾಳಿಯಲ್ಲಿ ಲೇಖನ ಬರೆದರು. ಆಗ ಅವರಿಗೆ ಇಪ್ಪತ್ತರ ವಯಸ್ಸು, ಹೆಚ್ಚೂ ಕಡಿಮೆ ನಮ್ಮದೇ ವಯಸ್ಸು. 1927ರಲ್ಲಿ ಬ್ರಿಟಿಷರು ಭಾರತೀಯ ಸೈನಿಕರನ್ನು ಶಾಂಘೈಗೆ ಕಳಿಸಿದಾಗ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ ಅದನ್ನು ವಿರೋಧಿಸಿತು.

ನಿಲ್ದಾಣ 5: ಗಡಿಯಾರ ಮತ್ತು ಗುಮ್ಮಟ

ಬಂಡ್‌ಗೆ ವಾಪಸ್ ಬಂದು ದಕ್ಷಿಣಕ್ಕೆ ನಡೆದರೆ ನಂಬರ್ 13, 1927ರ ಕಸ್ಟಮ್ಸ್ ಹೌಸ್. ಅದರ ಗಡಿಯಾರ ಗೋಪುರ ಮೊದಲು ಲಂಡನ್ನಿನ ಬಿಗ್ ಬೆನ್ ಥರದ ವೆಸ್ಟ್‌ಮಿನ್‌ಸ್ಟರ್ ರಾಗ ಹೊಡೆಯುತ್ತಿತ್ತು. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಅದನ್ನು ತೆಗೆದು ಮಾವೋ ಕಾಲದ 'ದಿ ಈಸ್ಟ್ ಈಸ್ ರೆಡ್' ಹಾಕಿದರು. 1986ರಲ್ಲಿ ಬ್ರಿಟನ್ನಿನ ರಾಣಿ ಬಂದಾಗ ಮತ್ತೆ ವೆಸ್ಟ್‌ಮಿನ್‌ಸ್ಟರ್. ಆಮೇಲೆ ತಿರುಗಿ 'ದಿ ಈಸ್ಟ್ ಈಸ್ ರೆಡ್'. ಗೋಪುರ ಒಂದೇ, ರಾಗ ಮಾತ್ರ ಕಾಲಕ್ಕೆ ತಕ್ಕಂತೆ.

ಪಕ್ಕದ ನಂಬರ್ 12, 1923ರ ಎಚ್‌ಎಸ್‌ಬಿಸಿ ಬ್ಯಾಂಕ್ ಕಟ್ಟಡ. ಒಳಗೆ ಗುಮ್ಮಟದ ಕೆಳಗೆ ಎಂಟು ನಗರಗಳ ಮೊಸಾಯಿಕ್ ಚಿತ್ರಗಳಿವೆ. ಅವುಗಳಲ್ಲಿ ಕಲ್ಕತ್ತಾ ಒಂದು. ಹಲವು ದಶಕ ಆ ಚಿತ್ರಗಳು ಮುಚ್ಚಿಹೋಗಿದ್ದವು, 1990ರ ದಶಕದ ನವೀಕರಣದಲ್ಲಿ ಮತ್ತೆ ಕಂಡವು. ಈ ಮಧ್ಯೆ 1955ರಿಂದ ನಾಲ್ಕು ದಶಕ ಈ ಕಟ್ಟಡ ಶಾಂಘೈ ನಗರ ಸರ್ಕಾರದ ಕಚೇರಿ ಆಗಿತ್ತು. ಈಗ ಒಂದು ಚೀನೀ ಬ್ಯಾಂಕಿನದು.

ಈಗ ಫೌಂಡೇಶನ್ ಲೆಕ್ಕ

ಈ ಕಟ್ಟಡಗಳ ಮುಂದೆ ನಿಂತು ಮೊದಲ ಪ್ರಶ್ನೆಗೆ ಬರೋಣ. ಶಾಂಘೈ ಇರುವುದು ಯಾಂಗ್ತ್ಸೆ ನದಿ ತಂದು ಸುರಿದ ಮೆಕ್ಕಲು ಮಣ್ಣಿನ ಮೇಲೆ. ಗಟ್ಟಿ ಬಂಡೆ ಸಿಗಬೇಕಾದರೆ 200-300 ಮೀಟರ್ ಕೆಳಗೆ ಹೋಗಬೇಕು. ಅಂದರೆ ಬಂಡೆಯ ಮೇಲೆ ಕೂರುವ ಪೈಲ್ ಸಾಧ್ಯವೇ ಇಲ್ಲ. ಉಳಿದ ದಾರಿ ಫ್ರಿಕ್ಷನ್ ಪೈಲ್: ಉದ್ದನೆಯ ಕಂಬವನ್ನು ಮಣ್ಣಿಗೆ ಹೊಡೆದರೆ ಸುತ್ತಲಿನ ಜೇಡಿ ಅದರ ಮೈಗೆ ಅಂಟಿಕೊಂಡು ಭಾರ ಹಿಡಿಯುತ್ತದೆ. ಆ ಕಾಲದಲ್ಲಿ ಹೆಚ್ಚಾಗಿ ಮರದ ಪೈಲ್ ಹೊಡೆದು, ಮೇಲೆ ಕಾಂಕ್ರೀಟ್ ರಾಫ್ಟ್ ಹಾಸುತ್ತಿದ್ದರು.

ಪಠ್ಯಪುಸ್ತಕದ ಥರ ಒಂದು ಉದಾಹರಣೆ ಮಾಡೋಣ (ಇವು ನಾವು ಅಂದಾಜಿಗೆ ತೆಗೆದುಕೊಂಡ ಸಂಖ್ಯೆಗಳು). ಪೈಲ್ ವ್ಯಾಸ 0.3 ಮೀಟರ್, ಉದ್ದ 15 ಮೀಟರ್, ಮಣ್ಣಿನ ಹಿಡಿತ ಪ್ರತಿ ಚದರ ಮೀಟರಿಗೆ 20 ಕಿಲೋನ್ಯೂಟನ್ ಅಂದುಕೊಳ್ಳೋಣ.

ಮೈ ವಿಸ್ತೀರ್ಣ = 3.14 × 0.3 × 15 = ಸುಮಾರು 14.1 ಚದರ ಮೀಟರ್.
ಒಟ್ಟು ಹಿಡಿತ = 14.1 × 20 = ಸುಮಾರು 283 ಕಿಲೋನ್ಯೂಟನ್.
ಸೇಫ್ಟಿ ಫ್ಯಾಕ್ಟರ್ 2.5 ಇಟ್ಟರೆ = ಸುಮಾರು 113 ಕಿಲೋನ್ಯೂಟನ್, ಅಂದರೆ ಸುಮಾರು 11.5 ಟನ್.

10,000 ಟನ್ನಿನ ಕಟ್ಟಡಕ್ಕೆ ಸುಮಾರು 870 ಪೈಲ್ ಬೇಕು. ಪೈಲ್‌ಗಳು ಹತ್ತಿರ ಹತ್ತಿರ ಇದ್ದರೆ ಗುಂಪಿನ ಒಟ್ಟು ಶಕ್ತಿ ಇನ್ನೂ ಕಡಿಮೆಯಾಗಬಹುದು, ಅದನ್ನು ಬೇರೆಯಾಗಿ ಲೆಕ್ಕ ಹಾಕಬೇಕು. ಒಟ್ಟಿನಲ್ಲಿ ಕಟ್ಟಡದ ಕೆಳಗೆ ಒಂದು ಕಾಡೇ ಇದೆ ಅಂದುಕೊಳ್ಳಿ. ಮರ ಕೊಳೆಯಲ್ವಾ ಅಂತ ಕೇಳಬಹುದು. ಯಾವಾಗಲೂ ನೀರಿನ ಮಟ್ಟದ ಕೆಳಗೇ ಇದ್ದರೆ ಆಮ್ಲಜನಕ ಸಿಗದೆ ಮರ ತಿನ್ನುವ ಶಿಲೀಂಧ್ರ ಬೆಳೆಯುವುದಿಲ್ಲ. ಹಾಗಾಗಿ ಮರ ಬಹಳ ಕಾಲ ಬಾಳುತ್ತೆ.

ಆದರೆ ನೆಲವೇ ಕುಸಿದರೆ? ಗಿರಣಿಗಳು ನೂರಾರು ಬೋರ್‌ವೆಲ್‌ಗಳಿಂದ ನೀರೆತ್ತಿದವು. ನೀರಿನ ಒತ್ತಡ ಇಳಿದಾಗ ಜೇಡಿ ಒತ್ತಿಕೊಂಡು ಕೆಳಗಿಳಿಯುತ್ತದೆ. ನಮ್ಮ ಸಿಲೆಬಸ್‌ನ ಕನ್ಸಾಲಿಡೇಶನ್ ಇದೇ. 1921ರಿಂದ 1965ರ ನಡುವೆ ಶಾಂಘೈನ ಕೆಲವು ಕಡೆ ನೆಲ 2.6 ಮೀಟರಿಗೂ ಹೆಚ್ಚು ಕುಸಿಯಿತು, ಒಬ್ಬ ಮನುಷ್ಯ ಕೈ ಎತ್ತಿ ನಿಂತರೂ ಅಷ್ಟಾಗಲ್ಲ! 1960ರ ದಶಕದಲ್ಲಿ ನೀರೆತ್ತುವುದನ್ನು ಕಡಿಮೆ ಮಾಡಿ, ನೀರನ್ನು ವಾಪಸ್ ನೆಲದೊಳಕ್ಕೆ ಬಿಡಲು ಶುರು ಮಾಡಿದರು. ಚಳಿಗಾಲದಲ್ಲಿ ತಣ್ಣೀರು ಒಳಗೆ ಬಿಟ್ಟು, ಬೇಸಿಗೆಯಲ್ಲಿ ಅದನ್ನೇ ಗಿರಣಿ ತಂಪು ಮಾಡಲು ತೆಗೆಯುತ್ತಿದ್ದರು. ಕುಸಿತದ ವೇಗ ಬಹಳ ಇಳಿಯಿತು.

ಈಗ ಪ್ರವಾಸಿಗರು ಓಡಾಡುವ ನದಿ ಬದಿಯ ಕಟ್ಟೆ ನಿಜಕ್ಕೂ ಪ್ರವಾಹ ತಡೆಯುವ ಗೋಡೆ. ಹಳೆಯ ಗೋಡೆಗೆ 'ಪ್ರೇಮಿಗಳ ಗೋಡೆ' ಅಂತ ಹೆಸರಿತ್ತು. ಮನೆಗಳಲ್ಲಿ ಜಾಗ ಇಲ್ಲದ ಕಾಲದಲ್ಲಿ ಜೋಡಿಗಳು ಸಂಜೆ ಅಲ್ಲಿ ಸಾಲಾಗಿ ನಿಲ್ಲುತ್ತಿದ್ದವು. 2010ರ ಹೊತ್ತಿಗೆ ವಾಹನಗಳಿಗೆ ಬೀದಿಯ ಕೆಳಗೆ ಸುಮಾರು 3.3 ಕಿಲೋಮೀಟರ್ ಸುರಂಗ ಕೊರೆದು, ಮೇಲಿನ ರಸ್ತೆಯ ಲೇನ್ ಕಡಿಮೆ ಮಾಡಿ, ನಡೆಯುವವರಿಗೆ ಜಾಗ ಬಿಟ್ಟರು. ಕೊರೆದ ಯಂತ್ರದ ವ್ಯಾಸ 14 ಮೀಟರಿಗೂ ಹೆಚ್ಚು. ಹಳೆಯ ಪೈಲ್‌ಗಳ ಪಕ್ಕದಲ್ಲಿ, ಕಟ್ಟಡ ಬಿರುಕು ಬಿಡದ ಹಾಗೆ ಇದನ್ನು ಮಾಡುವುದು ಸಣ್ಣ ಕೆಲಸ ಅಲ್ಲ.

ಆಚೆ ದಡದ 632 ಮೀಟರ್ ಎತ್ತರದ ಶಾಂಘೈ ಟವರ್ ಕೂಡ ಇದೇ ಮಣ್ಣಿನ ಮೇಲೆ ಪೈಲ್ ಮತ್ತು 6 ಮೀಟರ್ ದಪ್ಪದ ರಾಫ್ಟ್ ಇಟ್ಟುಕೊಂಡೇ ನಿಂತಿದೆ. ವಸ್ತು ಬದಲಾಗಿದೆ, ತತ್ವ ಬದಲಾಗಿಲ್ಲ.

ಹೋಗುವವರಿಗೆ, ಹೋಗದವರಿಗೆ

ಶಾಂಘೈಗೆ ಹೋಗುವ ಅವಕಾಶ ಸಿಕ್ಕಿದರೆ ಮೆಟ್ರೋ 2 ಅಥವಾ 10ನೇ ಲೈನ್ ಹಿಡಿದು ಈಸ್ಟ್ ನಾನ್‌ಜಿಂಗ್ ರೋಡ್ ಸ್ಟೇಷನ್‌ನಲ್ಲಿ ಇಳಿಯಿರಿ. ಅಲ್ಲಿಂದ ಬಂಡ್‌ಗೆ ನಡೆದೇ ಹೋಗಬಹುದು. ಸಂಜೆ ದೀಪ ನೋಡಲು ಎಲ್ಲರೂ ಬರುತ್ತಾರೆ. ಕಟ್ಟಡ ನೋಡಬೇಕಾದರೆ ಬೆಳಿಗ್ಗೆ ಬೇಗ ಹೋಗಿ, ಬಿಸಿಲು ನದಿ ಕಡೆಯಿಂದ ನೇರ ಮುಂಭಾಗದ ಮೇಲೆ ಬೀಳುತ್ತೆ. ಪ್ರತಿ ಕಟ್ಟಡದ ಮುಂದೆ ಮೂರು ಪ್ರಶ್ನೆ ಕೇಳಿ. ಇದರ ಭಾರವನ್ನು ಯಾವುದು ಹೊತ್ತಿದೆ? ದುಡ್ಡು ಯಾರದ್ದು? ಆಗ ಒಳಗೆ ಯಾರಿಗೆ ಪ್ರವೇಶ ಇರಲಿಲ್ಲ? ನಂಬರ್ 2ರ ಹಳೆಯ ಶಾಂಘೈ ಕ್ಲಬ್ ಮುಂದೆ ಮೂರನೇ ಪ್ರಶ್ನೆಗೆ ಉತ್ತರ ಉದ್ದ ಇದೆ: ಅಲ್ಲಿ ಚೀನೀಯರಿಗೂ ಹೆಂಗಸರಿಗೂ ಸದಸ್ಯತ್ವ ಇರಲಿಲ್ಲ.

ಕಟ್ಟಡ ಚೆನ್ನಾಗಿದೆ ಅಂತ ಹೇಳಲು ಹಿಂಜರಿಯಬೇಕಿಲ್ಲ. ಅದನ್ನು ಕಟ್ಟಿದ ಸಾವಿರಾರು ಚೀನೀ ಕೂಲಿಗಳ ಕೆಲಸ ನಿಜಕ್ಕೂ ಚೆನ್ನಾಗಿದೆ. ಚೀನಾ ಕೂಡ ಅವನ್ನು ಕೆಡವಲಿಲ್ಲ, ಒಳಗಿನ ಮಾಲೀಕರನ್ನು ಬದಲಾಯಿಸಿ ಉಳಿಸಿಕೊಂಡಿತು. ಆದರೆ ಭಾರತದಿಂದ ಹೋಗುವ ನಾವು ಅಲ್ಲಿ ಬರೀ ಪ್ರೇಕ್ಷಕರಾಗಿ ನಿಲ್ಲಲು ಆಗುವುದಿಲ್ಲ. ಬೀದಿಯ ಹೆಸರು, ಕೆಲವು ಕಟ್ಟಡಗಳ ಬಂಡವಾಳ, ಮೂಲೆಯಲ್ಲಿದ್ದ ಕಾವಲು, ಮೂರರಲ್ಲೂ ನಮ್ಮ ನೆಲದ ಪಾಲಿದೆ. ಲೋಡ್ ಲೆಕ್ಕ ಹಾಕುವಾಗ ಒಂದು ಲೋಡ್ ಬಿಟ್ಟರೆ ಉತ್ತರ ತಪ್ಪುತ್ತೆ ಅಂತ ನಮಗೆ ಗೊತ್ತು.

ಅಷ್ಟು ದೂರ ಹೋಗಲು ಆಗದವರು ಮುಂಬೈಗೆ ಇಂಡಸ್ಟ್ರಿಯಲ್ ವಿಸಿಟ್ ಹೋದಾಗ ಕೊಲಾಬಾದ ಸಸೂನ್ ಡಾಕ್‌ಗೆ ಬೆಳಿಗ್ಗೆ ಒಂದು ಸುತ್ತು ಹೋಗಿ ಬನ್ನಿ. 1875ರಲ್ಲಿ ತೆರೆದದ್ದು, ಈಗ ಮೀನಿನ ಬಂದರು. ಇದೇ ಮೂರು ಪ್ರಶ್ನೆಗಳನ್ನು ಅಲ್ಲಿಯೂ ಕೇಳಬಹುದು. ಉತ್ತರ ಸಿಕ್ಕಿದವರು ಮುಂದಿನ ಸಂಚಿಕೆಗೆ ಬರೆದು ಕಳಿಸಿ.